ಆರು ಗಂಟಿನ ಬಟ್ಟೆ

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.
ಹಳೆ ಸೀರೆಯ ಚೂರಿಗೆ ಬೀಜ ಸುರಿದು, ಬೂದಿ ಕಲಸಿ,
ಬಾಲಕ್ಕೆ ಗಂಟು ಹಾಕಿ
ಒಲೆಯ ಮೇಲಿನ ಬಿದಿರಿಗೆ ತೂಗಿಬಿಡುತ್ತಿದ್ದಳು.
ಒಂದು ಗಂಟಿನದು, ಎರಡು ಗಂಟಿನದು, ಮೂರು...
ಹೊಗೆ ಕುಡಿದು ಎಲ್ಲವೂ ಒಂದೇ ಬಣ್ಣ.

"ಯಾವುದು ಯಾವುದೆಂದು ಬರೆದಿಡಲಾ?" ಅಂದಿದ್ದೆ ಒಮ್ಮೆ,
ಅಂಗನವಾಡಿಯ ಸ್ಕೆಚ್ ಪೆನ್ನು ಹಿಡಿದುಕೊಂಡು.
"ಬರ್ದದ್ದ ಓದೂಕೆ ದೀಪ ಬೇಕು ತಂಗಿ,
ಗಂಟಿಗೆ ಕೈ ಸಾಕು" ಅಂದಳು ಹೊನ್ನಿಯತ್ತೆ,
ಹರಿವೆ ಕಟ್ಟು ತಲೆಗೇರಿಸಿ
ಬೆಳಂಬಾರದಿಂದ ಅಂಕೋಲೆಗೆ ಹೋಗುವ ಮೊದಲ ಬಸ್ಸಿಗೆ ಓಡುತ್ತ.
ಗಂಟಿನ ಲೆಕ್ಕ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ,
ಇದೆಯಲ್ಲ ಇನ್ನೂ ಬೇಕಾದಷ್ಟು ವರ್ಷ ಅಂತ.

ಶ್ರಾವಣದಲ್ಲಿ ಹೋದಳು.
ದೊಡ್ಡಹಬ್ಬ ಮುಗಿದ ವಾರ ಹಿತ್ತಲು ಅಗೆದೆ.
ನಾನೋ ಕಾರವಾರದ ಬಂದರು ಕ್ವಾರ್ಟರ್ಸಿನವಳು,
ಅಪ್ಪ ಗೇಟಿನ ವಾಚಮನ್;
ಕೊತ್ತಂಬರಿ ದಂಟನ್ನೂ ಪೇಪರಿನಲ್ಲಿ ಸುತ್ತಿ ತಂದು ತಿಂದವರು.
ನೆಲವೆಂದರೆ ನಮಗೆ ಸಿಮೆಂಟು,
ಅದರ ಮೇಲೆ ಅದಿರಿನ ಕೆಂಪು ಧೂಳು.

ಒಂದು ಗಂಟಿನದನ್ನು ಬಿಚ್ಚಿ ಉದುರಿಸಿದೆ.
ಐದನೇ ದಿನಕ್ಕೆ ಮಣ್ಣ ತುಂಬ ಕುಂಕುಮದ ಚುಕ್ಕಿ: ಹರಿವೆ.
ಎರಡು ಗಂಟು ಅಲಸಂದೆ. ಅದು ನನಗೂ ಗೊತ್ತಾಯಿತು,
ಆ ಬೀಜಕ್ಕೆ ಹೊಕ್ಕುಳಿದೆ.
ಮೂರು, ಮೊಗೆಕಾಯಿ.
ನಾಲ್ಕು ಹುಟ್ಟಲೇ ಇಲ್ಲ.
ಹೇಂಟೆ ತಿಂದಿತೋ, ಉಪ್ಪುಗಾಳಿ ತಿಂದಿತೋ,
ಆ ಅಕ್ಷರ ನನಗಿನ್ನೂ ಬರುವುದಿಲ್ಲ.

ಐದು ಗಂಟು ಕರ್ಣಕುಂಡಲ!
ತಿನ್ನಲಿಕ್ಕಲ್ಲ, ಮಾರಲಿಕ್ಕಲ್ಲ,
ಮುಟ್ಟಿದರೆ ಸಿಡಿದು ಸುರುಳಿಯಾಗುವ ಕಾಯಿ.
ಹರಿವೆ ಕಟ್ಟಿಗೆ ಎಂಟಾಣೆ ಬಿಡದ ಹೆಂಗಸು
ಬಾವಿಕಟ್ಟೆಯ ಬದಿಗೆ ಯಾರಿಗೆಂದು ಇದನ್ನು ಹಾಕುತ್ತಿದ್ದಳು?
ಹಮ್ಮು ಹೇಳಿದ, ಹರಕು ಬಲೆಯ ಬೇಲಿ ಬಿಗಿಯುತ್ತ,
"ಅವ್ವಿ ಅದ್ರ ಕಾಯಿ ಒಡ್ದು ನಗಾಡ್ತಿತ್ತು. ಒಬ್ಳೇ. ಸಂಜೆ ಹೊತ್ತು."

ಆರು ಗಂಟಿನೊಳಗೆ ಬೂದಿ ಮೆತ್ತಿದ ಗುಂಡು ಗುಂಡು ಕಾಳು,
ಉಜ್ಜಿದರೆ ಕಪ್ಪು. ಬಸಲೆಯೇ ಸೈ ಅಂದುಕೊಂಡೆ,
ಕತ್ತಲಾಗುತ್ತಿತ್ತು, ಹಾಗೇ ಊರಿಬಿಟ್ಟೆ.
ಚಪ್ಪರಕ್ಕೆ ಗಳ ಹುಗಿದೆ,
ದಿನಾ ಬಂಗುಡೆ ತೊಳೆದ ನೀರು.
ಒಂದು ವಾರ. ಎರಡು. ಮೂರನೆಯದಕ್ಕೆ
ಬೆಕ್ಕು ಬಂದು ಕೂತಿತು, ಬಸಲೆ ಬರಲಿಲ್ಲ.
ಕೆದಕಿದೆ.
ಬೆರಳಿಗೆ ಸಿಕ್ಕಿದ್ದು ತಣ್ಣಗಿತ್ತು,
ಮೊಳೆತಿರಲಿಲ್ಲ, ಕೊಳೆತಿರಲೂ ಇಲ್ಲ.
ಸೆರಗಿಗೆ ಒರೆಸಿದರೆ ನಡುವೆ ತೂತು.

ಕರಿಮಣಿ.
ಯಾವಾಗಲೋ ಹರಿದ ಸರದ್ದು,
ಪುರಸೊತ್ತಾದಾಗ ಪೋಣಿಸಲಿಕ್ಕೆಂದು ಎತ್ತಿಟ್ಟದ್ದು.

ಇಪ್ಪತ್ತೆರಡು ದಿನ ಗಾಜಿಗೆ ಮೀನುನೀರು ಹೊಯ್ದವಳು ನಾನು!
ಆಚೆಮನೆ ಬೀರಮ್ಮ ನಕ್ಕು ನಕ್ಕು ಕೆಮ್ಮಿದಳು,
ಆಮೇಲೆ ತನ್ನ ಕೊರಳ ಸರ ಹಿಡಿದು ಸುಮ್ಮನಾದಳು.
ಅರ್ಧ ಹೆಕ್ಕಿದೆವು. ಉಳಿದದ್ದನ್ನು ಮಣ್ಣು ಕೊಡಲಿಲ್ಲ.
ಆರಿದ್ರೆ ಮಳೆ ಹೊಡೆದಾಗ ಒಂದೊಂದೇ ಮೇಲೆ ಬರುತ್ತದೆ;
ಹೇಂಟೆ ಕುಕ್ಕಿ ನೋಡಿ
ಬಿಟ್ಟುಹೋಗುತ್ತದೆ.

ಬೀಜ ಕಟ್ಟುವ ಸರದಿ ನನ್ನದಾಯಿತು.
ಬಟ್ಟೆಯ ಮೇಲೆ ಹೆಸರು ಬರೆದೆ, ದುಂಡಗೆ, ಚಂದಕ್ಕೆ.
ಹೊಗೆ ಎರಡೇ ತಿಂಗಳಲ್ಲಿ ಓದಿ ಮುಗಿಸಿತು.
ಕೆಳಗಿಳಿಸಿ, ಬಾಲ ಹಿಡಿದು ಕೂತೆ.
ಹರಿವೆಗೆ ಒಂದು, ಅಲಸಂದೆಗೆ ಎರಡು, ಮೊಗೆಗೆ ಮೂರು.
ನಾಲ್ಕನ್ನು ಖಾಲಿ ಬಿಟ್ಟಿದ್ದೇನೆ.
ಕರ್ಣಕುಂಡಲದ ಬೀಜ ಮುಷ್ಟಿಯಷ್ಟೂ ಉಳಿಯಲಿಲ್ಲ,
ಸಂಜೆ ಹೊತ್ತು ಬೇಕಂತಲೇ ಮುಟ್ಟಿದೆ.
ಆರು ಅವಳದೇ ಇರಲಿ.

ಸೊಸೈಟಿಯವರು ಕೊಟ್ಟ ಬೆಂಡೆಯ ಪಾಕೀಟು ಒಂದಿದೆ.
ಏಳು ಗಂಟಿಗೆ ಈ ಚೂರಿನ ಬಾಲ ಸಾಲುತ್ತಿಲ್ಲ.
ಅತ್ತೆಯ ಹಳೆ ಸೀರೆಯೂ ಮುಗಿದವು,
ನನ್ನದೇ ಒಂದನ್ನು ಹರಿಯಬೇಕು.